ಎರಡು ಸೊನ್ನೆ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಈರುಳ್ಳಿ ಮಂಡಿಯ ಮೇಲಿನ ಮಹಡಿ ನಮ್ಮ ಆಫೀಸು. ಎಲ್ಲಾದರೂ ನೆಲ ಅಗೆಯುವ ಅಥವಾ ಕೊರೆಯುವ ಮೊದಲು, ಆ ನೆಲ ಹೇಗಿದೆ, ಅದರಡಿ ಯಾವ ಕಲ್ಲಿದೆ, ನೀರು ಎಷ್ಟು ಆಳಕ್ಕಿದೆ ಎಂದು ಬರೆದುಕೊಡುವುದು ನಮ್ಮ ಕೆಲಸ. ನಾವು ಏನೇ ಬರೆದರೂ ಆಮೇಲೆ ಅಗೆದೇ ಅಗೆಯುತ್ತಾರೆ. ಆದರೆ ನಾವು ಬರೆಯುವವರೆಗೆ ಕಾಯುತ್ತಾರೆ.

ಆಫೀಸಿನಲ್ಲಿ ಮೂವರು. ಭಾನುಪ್ರಕಾಶ್ ಸಾರ್ ಭೂವಿಜ್ಞಾನ ಓದಿದವರು, ಆಫೀಸು ಅವರದೇ. ಸಿದ್ಧಾರ್ಥಣ್ಣ ಊರೂರು ತಿರುಗಿ ಬಾವಿ, ಬೋರು, ಕೆರೆ ಅಳೆದು ಫಾರಂ ತುಂಬಿಕೊಂಡು ಬರುವವರು. ಆ ಫಾರಂಗಳನ್ನು ಕಂಪ್ಯೂಟರಿಗೆ ಏರಿಸುವವಳು ನಾನು, ಮೌನಿಕಾ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಶಿಡ್ಲಘಟ್ಟದ ಒಂದು ಫಿಲೇಚರಿನಲ್ಲಿ ಆರು ವರ್ಷ ರೇಷ್ಮೆ ನೂಲು ತೆಗೆದಿದ್ದೆ. ಬಿಸಿನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ, ಬೆರಳಿನಿಂದ ಎಳೆ ಹುಡುಕಬೇಕು. ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಬಿರಿಯುತ್ತಿತ್ತು. ಈ ಆಫೀಸಿಗೆ ಬಂದ ಎಂಟು ತಿಂಗಳಲ್ಲಿ ಬೆರಳುಗಳು ವಾಸಿಯಾಗಿದ್ದವು. ಅಮ್ಮ ರಾತ್ರಿ ಊಟಕ್ಕೆ ಕೂತಾಗ ಅವನ್ನೊಮ್ಮೆ ನೋಡುತ್ತಾಳೆ.

ಸಾರ್ ಬಗ್ಗೆ ಒಂದು ವಿಷಯ ಮೊದಲೇ ಹೇಳಬೇಕು. ಅವರ ಟೇಬಲ್ಲಿನ ಕೆಳಗಿನ ಡ್ರಾಯರಿನಲ್ಲಿ ಯಾವಾಗಲೂ ಒಂದು ಜುಟ್ಟಿನ ತೆಂಗಿನಕಾಯಿ ಇರುತ್ತದೆ. ವಾರದ ಆರು ದಿನ ಅವರು ನೆಲಕ್ಕೆ ವೈರು ಚುಚ್ಚಿ ಮೆಷಿನ್ನಿನಿಂದ ನೀರು ಹುಡುಕುತ್ತಾರೆ. ಭಾನುವಾರ ಗೌರಿಬಿದನೂರು ಕಡೆ ಹೋಗಿ ಅಂಗೈ ಮೇಲೆ ಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುತ್ತಾರೆ. ಕಾಯಿ ಎದ್ದು ನಿಂತ ಜಾಗದಲ್ಲಿ ರೈತರು ಬೋರು ಕೊರೆಸುತ್ತಾರೆ.

“ಮೆಷಿನ್ ತೋರಿಸಿದ್ರೆ ಜನ ನಂಬಲ್ಲ ಕಣಮ್ಮ, ನಾನೇನ್ ಮಾಡ್ಲಿ?” ಎನ್ನುತ್ತಾರೆ ಸಾರ್.

ಮೆಷಿನ್ನಿಗೂ ಕಾಯಿಗೂ ನೀರು ಸಿಗದಿರುವುದು ಹೆಚ್ಚುಕಡಿಮೆ ಒಂದೇ ಸಮ ಎಂದು ಸಿದ್ಧಾರ್ಥಣ್ಣ ಹೇಳುತ್ತಾರೆ, ಸಾರ್ ಇಲ್ಲದಾಗ. ಸಾರ್ ತಮ್ಮ ಸ್ವಂತ ಜಮೀನಿನಲ್ಲಿ ಒಂಬತ್ತು ಬೋರು ಕೊರೆಸಿದ್ದಾರೆ. ಕೊನೆಯದು ಸಾವಿರದ ನಾನೂರು ಅಡಿ. ಅದರಲ್ಲಿ ಬಂದದ್ದು ಬೂದುಬಣ್ಣದ ದೂಳು. ಅದರ ಒಂದು ಹಿಡಿಯನ್ನು ಅವರು ಗಾಜಿನ ಸೀಸೆಯಲ್ಲಿ ಹಾಕಿ ಟೇಬಲ್ಲಿನ ಮೇಲೆ ಇಟ್ಟುಕೊಂಡಿದ್ದಾರೆ. ಬಂದವರು ಅದನ್ನು ಮಾದರಿ ಎಂದುಕೊಳ್ಳುತ್ತಾರೆ.

ಈ ವರ್ಷ ಮಾರ್ಚಿನಲ್ಲಿ ನಮಗೆ ಕಲ್ಲಿದ್ದಲಿನ ಕೆಲಸ ಬಂತು. ನಮ್ಮ ಜಿಲ್ಲೆಯಲ್ಲಿ ಕಲ್ಲಿದ್ದಲು ಎಲ್ಲಿಂದ ಬರಬೇಕು, ಇಲ್ಲಿರುವುದು ಬರೀ ಬಂಡೆ. ಕೆಲಸ ಇದ್ದದ್ದು ತೆಲಂಗಾಣದಲ್ಲಿ, ಗೋದಾವರಿ ಕಡೆಯ ಕಾಡಿನ ಅಂಚಿನ ಊರುಗಳಲ್ಲಿ. ಹೈದರಾಬಾದಿನ ಒಂದು ಕಂಪನಿ ಅಲ್ಲಿ ಕಲ್ಲಿದ್ದಲು ಇದೆಯೇ ಎಂದು ನೋಡಲು ಹನ್ನೆರಡು ಕಡೆ ಕೊರೆಯಬೇಕೆಂದಿತ್ತು. ಕೊರೆಯುವ ಮುಂಚಿನ ವರದಿ ನಮ್ಮದು. ಅಷ್ಟು ದೂರದ ಕೆಲಸ ಈರುಳ್ಳಿ ಮಂಡಿಯ ಮೇಲಕ್ಕೆ ಹೇಗೆ ಬಂತು ಎಂದು ನಾನು ಕೇಳಲಿಲ್ಲ. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದರ ಲಾಭ ಮಾತ್ರ ಅವತ್ತು ಸಾರ್‌ಗೆ ಗೊತ್ತಾಯಿತು. ಅಮ್ಮನ ತವರು ಮದನಪಲ್ಲಿ ಹತ್ತಿರ. ನಾಲ್ಕನೇ ತರಗತಿಯವರೆಗೆ ಅಲ್ಲೇ ಓದಿದ್ದರಿಂದ ನನಗೆ ತೆಲುಗು ಮಾತಾಡುವುದಷ್ಟೇ ಅಲ್ಲ, ಓದುವುದೂ ಬರುತ್ತದೆ.

ಸಿದ್ಧಾರ್ಥಣ್ಣ ಹತ್ತೊಂಬತ್ತು ದಿನ ಆ ಊರುಗಳಲ್ಲಿದ್ದು ನಲವತ್ತಮೂರು ಬಾವಿಗಳ ಫಾರಂ ತಂದರು. ಸಾರ್ ಮೊದಲ ಫಾರಂ ನೋಡಿ ಕನ್ನಡಕ ಒರೆಸಿಕೊಂಡರು. ಐದನೆಯದಕ್ಕೆ ನಗಲು ಶುರುಮಾಡಿದರು.

“ಏನ್ರೀ ಸಿದ್ಧಾರ್ಥ್, ಇದು ಬಾವಿನೋ ಬಕೆಟ್ಟೋ?”

“ಬಾವಿನೇ ಸಾರ್. ನಾನೇ ಟೇಪ್ ಬಿಟ್ಟು ಅಳೆದಿದೀನಿ.”

“ಏಪ್ರಿಲ್ ತಿಂಗಳಲ್ಲಿ ಎಂಟಡಿಗೆ ನೀರು?”

“ಹೂಂ ಸಾರ್. ಆರಡಿಗೂ ಇದೆ, ಕೆಳಗಿನ ಫಾರಂ ನೋಡಿ.”

“ನಾನು ಎಂಟಡಿಗೆ ನೀರು ನೋಡಿರೋದು ನಮ್ಮನೆ ಸಂಪಲ್ಲಿ ಮಾತ್ರ. ಅದೂ ಟ್ಯಾಂಕರ್ ಬಂದ ದಿನ.” ಸಾರ್ ಪೆನ್ ಸ್ಟ್ಯಾಂಡಿನಿಂದ ಕೆಂಪು ಪೆನ್ನು ತೆಗೆದರು. “ಲಾಡ್ಜಲ್ಲಿ ಕೂತ್ಕೊಂಡು ಬರ್ದಿದೀರ. ಬರೆಯೋದು ಬರೀರಿ, ಸೊನ್ನೆ ಹಾಕೋಕೂ ಸೋಮಾರಿತನಾನ?”

ಸಿದ್ಧಾರ್ಥಣ್ಣನ ಕಿವಿ ಕೆಂಪಾಯಿತು. ಸಾರ್ ಎಂಟರ ಮುಂದೆ ಎರಡು ಸೊನ್ನೆ ಹಾಕಿದರು. ಆರರ ಮುಂದೆ ಎರಡು, ಹನ್ನೊಂದರ ಮುಂದೆ ಎರಡು. ನಲವತ್ತಮೂರನ್ನೂ ತಿದ್ದಿ ಮುಗಿಸಿದಾಗ ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಆರುನೂರು, ಎಂಟುನೂರು, ಸಾವಿರದ ನೂರು. ಈಗ ಅವು ಚಿಂತಾಮಣಿಯ ಬಸ್ ಸ್ಟ್ಯಾಂಡಿನಲ್ಲಿ ಯಾರ ಬಾಯಲ್ಲಾದರೂ ಕೇಳಿಬರುವ ಅಂಕಿಗಳಾಗಿದ್ದವು.

ನಿಜ ಹೇಳಬೇಕೆಂದರೆ ನನಗೂ ಸಾರ್ ಮಾಡಿದ್ದೇ ಸರಿ ಅನ್ನಿಸಿತು. ನಮ್ಮ ಊರಿನ ತೆರೆದ ಬಾವಿಯಲ್ಲಿ ನಾನು ಹುಟ್ಟಿದಾಗಿನಿಂದ ಇರುವುದು ಒಂದು ಆಲದ ಗಿಡ. ಅದು ಈಗ ಬಾವಿಯಿಂದ ಮೇಲೆ ಬಂದು ನೆರಳು ಕೊಡುತ್ತಿದೆ.

ಅಂಕಿಗಳನ್ನು ಏರಿಸಿದ ಮೇಲೆ ವರದಿ ತಾನಾಗಿಯೇ ಬೆಳೆಯಿತು. ಹಳೆಯ ಕ್ವಾರಿ ವರದಿಯೊಂದನ್ನು ತೆರೆದು, ಊರಿನ ಹೆಸರು ಬದಲಿಸಿ, ‘ಗ್ರಾನೈಟ್’ ಇದ್ದ ಕಡೆ ‘ಮರಳುಗಲ್ಲು ಮತ್ತು ಕಲ್ಲಿದ್ದಲಿನ ಪದರ’ ಎಂದು ಹಾಕಲು ಸಾರ್ ಹೇಳಿದರು. ಹಾಕಿದೆ. ಹಳೆಯ ವರದಿಯಲ್ಲಿದ್ದ ನೂರಹನ್ನೆರಡು ರೇಷ್ಮೆ ಹುಳುಮನೆಗಳು ಗೋದಾವರಿಯ ಕಾಡಿನಲ್ಲೂ ಹಾಗೇ ಉಳಿದುಕೊಂಡವು. ಅಲ್ಲಿ ಯಾರೂ ರೇಷ್ಮೆಹುಳು ಸಾಕುವುದಿಲ್ಲವೆಂದು ಸಿದ್ಧಾರ್ಥಣ್ಣ ಆಮೇಲೆ ಹೇಳಿದರು. ಅವನ್ನು ತೆಗೆದೆ. ನೀರಿನ ಅಧ್ಯಾಯದ ಕೊನೆಯ ವಾಕ್ಯವನ್ನು ಸಾರ್ ತಾವೇ ಹೇಳಿ ಬರೆಸಿದರು: ‘ಕೊರೆತದ ಆಳ ಐನೂರು ಅಡಿ ಮಾತ್ರ, ಅಂತರ್ಜಲ ಆರುನೂರು ಅಡಿಯ ಕೆಳಗಿದೆ, ಆದ್ದರಿಂದ ಕೊರೆತದಿಂದ ಬಾವಿಗಳಿಗೆ ಯಾವುದೇ ಬಾಧೆ ಇಲ್ಲ.’

ಆ ಸಂಜೆ ಮೆಟ್ಟಿಲಿನ ಹತ್ತಿರ ಸಿದ್ಧಾರ್ಥಣ್ಣ ನನ್ನನ್ನು ನಿಲ್ಲಿಸಿದರು. ಮರುದಿನದಿಂದ ಅವರನ್ನು ಗೌರಿಬಿದನೂರಿನ ಕ್ವಾರಿ ಅಳೆಯಲು ಹಾಕಿದ್ದರು.

“ನೋಡಮ್ಮ ಮೌನಿಕಾ, ಏಳನೇ ನಂಬರ್ ಕೊರೆಯೋ ಜಾಗ ಇದೆಯಲ್ಲ, ಅಲ್ಲಿಂದ ಮೂವತ್ತೆಂಟು ಮೀಟರಿಗೆ ಒಂದು ಬಾವಿ. ಇಪ್ಪತ್ತೆರಡು ಮನೆಗೆ ಕುಡಿಯೋಕೆ ಅದೊಂದೇ. ಕೊರೆಯೋವಾಗ ಜೇಡಿಮಣ್ಣು ಕಲಸಿದ ನೀರನ್ನ ಒತ್ತಿ ಒಳಗೆ ಬಿಡ್ತಾರೆ. ಅಲ್ಲಿ ಮರಳುಗಲ್ಲು, ನಮ್ಮ ಬಂಡೆ ತರ ಅಲ್ಲ. ಆ ಕೆಸರು ಸೀದಾ ಬಾವಿಗೆ ಹೋಗ್ತದೆ. ಮೇಲೇ ನೀರಿದೆ ಅಂತ ವರದೀಲಿದ್ರೆ ಆ ಜಾಗ ಬದಲಾಯಿಸ್ಲೇಬೇಕು. ಎಂಟುನೂರಡಿ ಅಂತಿದ್ರೆ ಯಾರು ಬದಲಾಯಿಸ್ತಾರೆ?”

“ಅಣ್ಣ, ನಿಜವಾಗ್ಲೂ ಎಂಟಡಿನಾ?”

ಅವರು ನನ್ನ ಮುಖ ನೋಡಿದರು. “ನೀನೂನಾ?” ಎಂದು ಇಳಿದು ಹೋದರು.

ವರದಿ ಮುಗಿಯಿತು ಎನ್ನುವಷ್ಟರಲ್ಲಿ ಹೈದರಾಬಾದಿನಿಂದ ಒಂದು ಪತ್ರ ಬಂತು. ಬಾವಿಗಳ ಮಾಲೀಕರಲ್ಲಿ ಹತ್ತು ಜನಕ್ಕೆ ಫೋನು ಮಾಡಿ ಅಂಕಿಗಳನ್ನು ಖಚಿತಪಡಿಸಿಕೊಳ್ಳಬೇಕು, ಹಾಗೆ ಮಾಡಿದವರು ವರದಿಯ ಕೊನೆಯ ಪುಟದಲ್ಲಿ ಹೆಸರು ಬರೆದು ಸಹಿ ಹಾಕಬೇಕು.

“ತೆಲುಗು ಬರೋದು ನಿಂಗೇ. ನೀನೇ ಮಾಡಮ್ಮ,” ಎಂದರು ಸಾರ್. “ನೋಡು, ಫಾರಂನಲ್ಲಿ ಇರೋದಷ್ಟೇ ಕೇಳು. ಮಗಳ ಮದುವೆ, ರೇಷನ್ ಕಾರ್ಡು, ಇನ್ನೊಂದು ಮತ್ತೊಂದು ಅಂತ ಅವರು ನೂರು ಹೇಳ್ತಾರೆ. ಅದೆಲ್ಲ ನಂಗೆ ತಂದು ಹೇಳ್ಬೇಡ.”

ಗೊತ್ತಿಲ್ಲದವರ ಜೊತೆ ಮಾತಾಡುವುದೆಂದರೆ ನನಗಾಗುವುದಿಲ್ಲ. ಆದರೆ ಫೋನಿನಲ್ಲಿ ಮುಖ ಕಾಣುವುದಿಲ್ಲ. ಏಳನೇ ನಂಬರಿನ ಪಕ್ಕದ ಬಾವಿಯ ಫಾರಂನಲ್ಲಿ ಆದಿಲಕ್ಷ್ಮಮ್ಮ ಎಂಬ ಹೆಸರಿತ್ತು. ಮೊದಲು ಅವರಿಗೇ ಮಾಡಿದೆ.

“ಎವರಮ್ಮಾ?” ಎಂದಿತು ಆ ಕಡೆಯ ದನಿ, ಜೋರಾಗಿ. ಯಾರೆಂದು ಹೇಳಿದೆ.

“ಭೂಮಿ ಕೊಳ್ಳೋಕೆ ಫೋನ್ ಮಾಡಿದೀರಾ? ಆಗಲ್ಲ ತಾಯಿ. ಇಲ್ಲಿ ಹೊರಗಿನೋರು ಒಂದು ಗುಂಟೆ ಭೂಮೀನೂ ಕೊಳ್ಳೋ ಹಾಗಿಲ್ಲ. ಕಾಡಿನ ಜನದ ಭೂಮಿ ಕಾಡಿನ ಜನಕ್ಕೇ. ಕಾನೂನಿದೆ.” ಇದನ್ನೆಲ್ಲ ಅವರು ತೆಲುಗಿನಲ್ಲಿ, ಒಂದೇ ಉಸಿರಿಗೆ ಹೇಳಿದರು. ಅಲ್ಲಿಗೆ ಎಷ್ಟು ಜನ ಭೂಮಿ ಕೇಳಿಕೊಂಡು ಹೋಗಿದ್ದರೋ.

“ಭೂಮಿಗಲ್ಲ ಪೆದ್ದಮ್ಮ, ನೀರಿಗೆ. ನಿಮ್ಮ ಬಾವೀಲಿ ಎಷ್ಟು ಅಡಿಗೆ ನೀರಿದೆ?” ಎಂದೆ. ನಮ್ಮ ದೊಡ್ಡಮ್ಮ ತೆಲುಗಿನಲ್ಲಿ ಪೆದ್ದಮ್ಮ.

“ಮೊನ್ನೆ ಆ ಹುಡುಗ ಪಟ್ಟಿ ಬಿಟ್ಟು ಅಳೆದು ಬರೆದುಕೊಂಡು ಹೋದನಲ್ಲ.”

“ಎಂಟುನೂರಾ?”

ಆ ಕಡೆ ನಗು ಕೇಳಿಸಿತು. “ವಂದಲಾ?” ಎಂದು ಕೇಳಿದರು, ನೂರುಗಳಾ ಎಂದು. “ಎಂಟುನೂರು ಅಡಿ ಹಗ್ಗ ಯಾವ ಅಂಗಡೀಲಿ ಸಿಗತ್ತಮ್ಮಾಯಿ? ಇರು, ಇಲ್ಲೇ ಬಾವಿಕಟ್ಟೆ ಮೇಲಿದೀನಿ, ಸಿಗ್ನಲ್ ಇಲ್ಲೇ ಬರೋದು. ಕೇಳು.”

ಏನೋ ಉಜ್ಜಿದ ಸದ್ದಾಯಿತು. ಹಿಂದೆಯೇ ಕೊಡ ನೀರಿಗೆ ಬಿತ್ತು. ಕೈ ಬಿಟ್ಟದ್ದಕ್ಕೂ ಬಿದ್ದದ್ದಕ್ಕೂ ನಡುವೆ ಒಂದು ಉಸಿರಿನಷ್ಟೂ ಹೊತ್ತಿರಲಿಲ್ಲ. ಅಂಥ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಮ್ಮ ಕಡೆ ಮೋಟರ್ ಹಾಕಿದರೆ ಮೊದಲು ಗಾಳಿ ಬರುತ್ತದೆ, ಆಮೇಲೆ ಕೆಮ್ಮಿದಂತೆ ಸ್ವಲ್ಪ ನೀರು.

ಉಳಿದ ಒಂಬತ್ತು ಜನಕ್ಕೂ ಮಾಡಿದೆ. ಎಲ್ಲರೂ ಸಿದ್ಧಾರ್ಥಣ್ಣ ಬರೆದದ್ದನ್ನೇ ಹೇಳಿದರು. ಹತ್ತು ಸಾಲು ಬರೆದು ಸಾರ್ ಮುಂದಿಟ್ಟೆ. ಅವರು ಓದಿ, ಕಾಗದವನ್ನು ಹಾಗೇ ಹಿಂದಕ್ಕೆ ತಳ್ಳಿದರು.

“ಪರಿಹಾರಕ್ಕೆ ಸುಳ್ಳು ಹೇಳ್ತಾರಮ್ಮ. ನೀರಿತ್ತು, ಹಾಳಾಯ್ತು ಅಂದ್ರೆ ದುಡ್ಡು ಬರತ್ತಲ್ಲ. ಇದನ್ನ ಕಳಿಸಿದ್ರೆ ಓದೋರು ನಗ್ತಾರೆ. ನೀನು ಎಂಟುನೂರು ಅಂತ ಬರ್ದು ಸಹಿ ಹಾಕು.”

ನಾನು ಪೆನ್ನು ತೆಗೆದುಕೊಳ್ಳಲಿಲ್ಲ. ತಲೆಯನ್ನೂ ಎತ್ತಲಿಲ್ಲ.

“ಹಾಕಲ್ವಾ? ಸರಿ. ಹಾಕೋಕೆ ಆಗಲ್ಲ ಅಂದ್ರೆ ಸೋಮವಾರದಿಂದ ಬರ್ಬೇಡಮ್ಮ. ಶಿಡ್ಲಘಟ್ಟದಲ್ಲಿ ಕೆಲಸ ಇದ್ದೇ ಇದೆ ನಿಂಗೆ.”

ಅವತ್ತು ಶುಕ್ರವಾರ. ಬಸ್ಸಿನಲ್ಲಿ ಕೂತು ಬೆರಳುಗಳನ್ನು ನೋಡಿಕೊಂಡೆ. ನನ್ನ ಹೆಸರು ಅಚ್ಚಾಗುವ ಮೊದಲ ಕಾಗದ ಅದು. ಸಹಿ ಹಾಕಿದರೆ ಅದು ಒಬ್ಬರ ಬಾವಿಯನ್ನು ಹಾಳುಮಾಡುವ ಎರಡು ಸೊನ್ನೆಯ ಕೆಳಗೆ ಅಚ್ಚಾಗುತ್ತದೆ. ಇಲ್ಲವೆಂದರೆ ಮತ್ತೆ ಶಿಡ್ಲಘಟ್ಟದ ಬಿಸಿನೀರು. ಬಸ್ಸು ಕೆರೆ ಏರಿಯ ಮೇಲೆ ಹೋಯಿತು. ಕೆರೆ ತುಂಬಿತ್ತು, ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧಮಾಡಿ ತುಂಬಿಸಿದ್ದರು. ಪಕ್ಕದ ಸೀಟಿನಲ್ಲಿದ್ದ ಹೆಂಗಸು ಇನ್ನೊಬ್ಬಳನ್ನು ಕೇಳುತ್ತಿದ್ದಳು: “ನಿಮ್ಮ ಬೋರಲ್ಲಿ ನೀರು ಚೆನ್ನಾಗಿದೆಯಂತೆ?” ಆ ಇನ್ನೊಬ್ಬಳು ಕೈ ಆಡಿಸಿ, “ಅಯ್ಯೋ ಎಲ್ಲಿದೆ ಬಿಡಕ್ಕ, ಎರಡು ಬಿಂದಿಗೆ ಬಂದ್ರೆ ಹೆಚ್ಚು,” ಎಂದಳು. ಅವಳ ಚೀಲದಲ್ಲಿ ಆಗ ತಾನೆ ಕೊಂಡ ಹೂಕೋಸಿನ ಸಸಿಗಳಿದ್ದವು, ಐನೂರಕ್ಕೆ ಕಡಿಮೆ ಇರಲಿಲ್ಲ.

ಶನಿವಾರ ಬೆಳಿಗ್ಗೆ ಸಾರ್ ಟೇಬಲ್ಲಿನ ಎದುರು ಹೋಗಿ ನಿಂತೆ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಇಪ್ಪತ್ತು ಸಲ ಹೇಳಿಕೊಂಡಿದ್ದೆ.

“ಸಾರ್, ನಮ್ಮ ಕಡೆ ಬೋರಲ್ಲಿ ನೀರಿದ್ರೂ ಯಾರಾದ್ರೂ ಇದೆ ಅಂತಾರಾ?”

“ಯಾಕಂತಾರೆ? ಕಣ್ಣು ಬೀಳಲ್ವಾ? ಪಕ್ಕದೋನು ಬಂದು ಪೈಪ್ ಹಾಕ್ತೀನಿ ಅನ್ನಲ್ವಾ?”

“ಇಲ್ಲ ಅಂತ ಸುಳ್ಳು ಹೇಳೋರನ್ನ ನೋಡಿದೀನಿ ಸಾರ್. ಇದೆ ಅಂತ ಸುಳ್ಳು ಹೇಳೋರನ್ನ ನೋಡಿಲ್ಲ. ಹತ್ತಕ್ಕೆ ಹತ್ತು ಜನ ಹೇಳಿದ್ರು.”

ಸಾರ್ ಪೆನ್ನಿನ ತುದಿಯಿಂದ ದೂಳಿನ ಸೀಸೆಯನ್ನು ತಟ್ಟಿದರು. ಆ ಮಾತು ಅವರಿಗೆ ತಾಕಿತ್ತು. ಭೂವಿಜ್ಞಾನ ಹೇಳಿದ್ದರೆ ತಾಕುತ್ತಿರಲಿಲ್ಲ.

“ವಿಡಿಯೋ ಕಾಲ್ ಮಾಡು,” ಎಂದರು. “ನಾನೇ ನೋಡ್ತೀನಿ.”

ಆದಿಲಕ್ಷ್ಮಮ್ಮನ ಮುಖವನ್ನು ಆಗಲೇ ನಾನೂ ನೋಡಿದ್ದು. ಹಣೆಯ ಮೇಲೆ ಹಸಿರು ಹಚ್ಚೆ, ತಲೆಯ ಮೇಲೆ ಸೆರಗು. ಫೋನನ್ನು ಒಂದು ಹುಡುಗಿಯ ಕೈಗೆ ಕೊಟ್ಟು, ಕೊಡಕ್ಕೆ ಹಗ್ಗ ಕಟ್ಟಿ ಇಳಿಸಿದರು. ಇಳಿಸುವುದೇನು, ಬಗ್ಗಿದರು, ಅಷ್ಟೆ. ಕೊಡ ತುಂಬಿ ಬಂತು. ಆಮೇಲೆ ಹಗ್ಗದ ಒದ್ದೆಯಾದ ಜಾಗದಿಂದ ಕಟ್ಟೆಯ ಅಂಚಿಗೆ ಹಿಡಿದಿದ್ದ ಜಾಗದವರೆಗೆ ಮೊಳ ಹಾಕಿ ತೋರಿಸಿದರು. ಐದು ಮೊಳ ದಾಟಿ ನಾಲ್ಕು ಬೆರಳು.

“ಇನ್ನೊಂದ್ಸಲ ಬಿಡೋಕೆ ಹೇಳು,” ಎಂದರು ಸಾರ್.

ಇನ್ನೊಂದು ಸಲ ಬಿಟ್ಟರು. ಮತ್ತೊಂದು ಸಲ ಎಂದರು, ಬಿಟ್ಟರು. ನಾಲ್ಕನೇ ಸಲಕ್ಕೆ ಆದಿಲಕ್ಷ್ಮಮ್ಮ ನನ್ನನ್ನು ಕೇಳಿದರು, “ನಿಮ್ಮ ಸಾರು ಯಾವತ್ತೂ ನೀರು ಸೇದೋದು ನೋಡೇ ಇಲ್ವಾ ತಾಯಿ?” ಅದು ಫಾರಂನಲ್ಲಿ ಇರದ ಮಾತಾದ್ದರಿಂದ ನಾನು ಸಾರ್‌ಗೆ ಹೇಳಲಿಲ್ಲ.

ಸಾರ್ ಯಾವಾಗಲೋ ಡ್ರಾಯರಿನಿಂದ ತೆಂಗಿನಕಾಯಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಿದ್ದರು. ಟೀ ಮೇಲೆ ಕೆನೆ ಕಟ್ಟಿತ್ತು. ಫೋನಿನ ಪರದೆಯಲ್ಲಿ ನೀರು ಬಾವಿಕಟ್ಟೆಯ ಮೇಲೆ ಚೆಲ್ಲಿ, ಯಾರೂ ಅದಕ್ಕೆ ಬೇಜಾರು ಮಾಡಿಕೊಳ್ಳದೆ, ಹರಿದು ಹೋಗುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು.

“ಆ ಹಿಂದಗಡೆ ಬಯಲು ಕಾಣ್ತಿದೆಯಲ್ಲ, ಅದು ಯಾರ್ದು? ಮಾರ್ತಾರಾ ಕೇಳು.”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಸಾರ್ ತಮಗೇ ಆ ಜಮೀನು ಕೊಳ್ಳಲು ಕೇಳುತ್ತಿದ್ದರು. ಉತ್ತರ ನನಗೆ ಮೊದಲ ದಿನವೇ ಗೊತ್ತಿತ್ತು.

“ಸಾರ್, ಆ ಪ್ರಶ್ನೆ ಫಾರಂನಲ್ಲಿಲ್ಲ. ವರದಿ ಹೋದ್ಮೇಲೆ ಕೇಳ್ತೀನಿ.”

“ಹೌದ್ಹೌದು,” ಎಂದರು ಸಾರ್. “ಈಗ ಕೇಳಿದ್ರೆ ರೇಟು ಏರಿಸ್ತಾರೆ. ಬುದ್ಧಿವಂತೆ ಕಣಮ್ಮ ನೀನು.”

ಅವತ್ತು ಮಧ್ಯಾಹ್ನ ಅವರು ಊಟಕ್ಕೂ ಇಳಿಯದೆ ನಲವತ್ತಮೂರು ಫಾರಂಗಳನ್ನು ಎದುರಿಗಿಟ್ಟುಕೊಂಡು, ತಾವೇ ಹಾಕಿದ್ದ ಎಂಬತ್ತಾರು ಸೊನ್ನೆಗಳನ್ನು ತಾವೇ ಹೊಡೆದುಹಾಕಿದರು. ಸಿದ್ಧಾರ್ಥಣ್ಣನಿಗೆ ಫೋನು ಮಾಡಿ ಆ ಬಯಲಿನ ಮಣ್ಣು ಯಾವ ಬಣ್ಣ, ಮಳೆಗಾಲದಲ್ಲಿ ನೀರು ಯಾವ ಕಡೆಯಿಂದ ಬರುತ್ತದೆ, ಯಾವ ಮರಗಳಿವೆ ಎಂದು ಒಂದು ಗಂಟೆ ಕೇಳಿದರು. ಅಷ್ಟು ಪ್ರೀತಿಯಿಂದ ಅವರು ಯಾವ ನೆಲದ ಬಗ್ಗೆಯೂ ಕೇಳಿದ್ದನ್ನು ನಾನು ನೋಡಿರಲಿಲ್ಲ. ಕ್ವಾರಿ ವರದಿಯನ್ನು ಮುಚ್ಚಿಸಿ, ಹೊಸದಾಗಿ ಹೇಳಿ ಬರೆಸಿದರು. ತೆಳುವಾದ ಕೆಂಪು ಮರಳುಮಣ್ಣು. ಅದರಡಿ ನೀರನ್ನು ಹತ್ತಿಯಂತೆ ಹೀರಿ ಹಿಡಿದಿಡುವ ಮರಳುಗಲ್ಲು. ಒಂದು ಬಾವಿಗೆ ಕೆಸರು ಹೋದರೆ ಸುತ್ತಲಿನ ಬಾವಿಗಳಿಗೂ ಹೋಗುವ ಅಪಾಯ. ಏಳನೇ ನಂಬರಿನ ಜಾಗವನ್ನು ಬಾವಿಯಿಂದ ಆರುನೂರು ಮೀಟರು ಆಚೆ, ಕಲ್ಲುಗುಡ್ಡದ ಮಗ್ಗುಲಿಗೆ ಸರಿಸಬೇಕು. ಉಳಿದ ಹನ್ನೊಂದು ಕಡೆಯೂ ಕೆಸರು ಹೊರಗೆ ಹೋಗದಂತೆ ಮೇಲಿನ ಪದರಕ್ಕೆ ಕಬ್ಬಿಣದ ಕೇಸಿಂಗ್ ಪೈಪು ಇಳಿಸಿಯೇ ಕೊರೆಯಬೇಕು.

“ನಾಳೆ ಅಲ್ಲಿ ಬೆಳೆ ಇಡೋನು ಯಾರೋ, ಅವನಿಗೆ ತೊಂದ್ರೆ ಆಗ್ಬಾರದಲ್ಲ,” ಎಂದರು.

ಕೊನೆಯ ಪುಟದಲ್ಲಿ ‘ಖಚಿತಪಡಿಸಿದವರು: ಮೌನಿಕಾ ಎಂ.’ ಎಂದಿತ್ತು. ಸಹಿ ಹಾಕಿದೆ. ಸೋಮವಾರ ವರದಿ ಹೋಯಿತು. ಹತ್ತು ದಿನಕ್ಕೆ ಕಂಪನಿಯಿಂದ ಉತ್ತರ ಬಂತು: ಒಪ್ಪಿದೆ, ಜಾಗ ಬದಲಾಯಿಸುತ್ತೇವೆ.

ಉತ್ತರ ಬಂದ ದಿನವೇ ಸಾರ್ ನನ್ನ ಕುರ್ಚಿಯ ಪಕ್ಕಕ್ಕೆ ತಮ್ಮ ಕುರ್ಚಿ ಎಳೆದುಕೊಂಡರು. “ಈಗ ಕೇಳಮ್ಮ.”

ಫೋನು ಮಾಡಿದೆ, ಸ್ಪೀಕರ್ ಹಾಕಿ. ಆದಿಲಕ್ಷ್ಮಮ್ಮ ಮೊದಲ ದಿನದ ಮಾತನ್ನೇ, ಅದೇ ಉಸಿರಿನಲ್ಲಿ ಹೇಳಿದರು. ನಾನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಹೊರಗಿನವರು ಕೊಳ್ಳುವ ಹಾಗಿಲ್ಲ, ಕಾನೂನಿದೆ.

ಕೆಳಗೆ ಮಂಡಿಯಲ್ಲಿ ಯಾರೋ ಮೂಟೆ ಎಣಿಸುತ್ತಿದ್ದರು.

“ಈ ವಿಷಯ ನಿಂಗೆ ಮೊದ್ಲೇ ಗೊತ್ತಿತ್ತಾ?”

“ಹೂಂ ಸಾರ್. ಮೊದಲನೇ ಫೋನಲ್ಲೇ ಹೇಳಿದ್ರು.”

“ಮತ್ತೆ ಯಾಕಮ್ಮ ಹೇಳ್ಲಿಲ್ಲ?”

“ಫಾರಂನಲ್ಲಿ ಇರೋದಷ್ಟೇ ಕೇಳು, ಬೇರೆ ಏನೂ ತಂದು ಹೇಳ್ಬೇಡ ಅಂದಿದ್ರಿ ಸಾರ್.”

ಅವರು ನನ್ನನ್ನು ನೋಡಿದರು. ನನ್ನನ್ನು ಕೆಲಸದಿಂದ ಕಳಿಸಿದರೆ ಖಚಿತಪಡಿಸಿದವಳೇ ಹೋದಳೇಕೆ ಎಂದು ಹೈದರಾಬಾದಿನವರು ಕೇಳಬಹುದಿತ್ತು. ಅದಲ್ಲದೆ, ವರದಿ ಬಹಳ ಚೆನ್ನಾಗಿದೆ, ಮುಂದಿನ ಕೆಲಸವೂ ನಿಮಗೇ ಎಂದು ಅವರು ಬರೆದಿದ್ದರು. ಸಾರ್ ಕುರ್ಚಿಯನ್ನು ತಮ್ಮ ಜಾಗಕ್ಕೆ ಎಳೆದುಕೊಂಡು ಹೋದರು. ಸಂಜೆ ಗೌರಿಬಿದನೂರಿನಿಂದ ಬಂದ ಸಿದ್ಧಾರ್ಥಣ್ಣ ವರದಿಯ ಪ್ರತಿ ಓದಿ, ತಲೆಯೆತ್ತಿ ನನ್ನ ಕಡೆ ನೋಡಿ, ಬಾಳೆಹಣ್ಣಿನ ಬಜ್ಜಿಯ ಪೊಟ್ಟಣವನ್ನು ನನ್ನ ಟೇಬಲ್ಲಿಗೆ ಸರಿಸಿದರು.

ಜೂನಿನಲ್ಲಿ ಆದಿಲಕ್ಷ್ಮಮ್ಮ ತಾವಾಗಿಯೇ ಫೋನು ಮಾಡಿದರು. ಕೊರೆಯುವ ಲಾರಿ ಗುಡ್ಡದ ಮಗ್ಗುಲಲ್ಲಿ ನಿಂತಿದೆಯಂತೆ. ಮೂರು ವಾರದಿಂದ ಹಗಲೆಲ್ಲ ಗಡಗಡ ಅನ್ನುತ್ತದೆಯಂತೆ, ಕೋಳಿಗಳು ಮೊಟ್ಟೆ ಇಡುವುದನ್ನು ಬಿಟ್ಟಿವೆಯಂತೆ. ಕಲ್ಲಿದ್ದಲು ಇದೆಯೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಲಾರಿಯ ಜನ ದಿನಕ್ಕೆ ನಾಲ್ಕು ಸಲ ಬಾವಿಗೆ ಬಂದು ಕುಡಿಯುವ ನೀರು ಒಯ್ಯುತ್ತಾರೆ.

“ನೀರು ತಿಳಿಯಾಗಿದೆಯಾ ಪೆದ್ದಮ್ಮ?”

“ತಿಳಿಯಾಗಿದೆ. ತಳದ ಕಲ್ಲು ಕಾಣತ್ತೆ.” ಆಮೇಲೆ ಕೇಳಿದರು, “ನೀನು ನಮ್ಮ ನೀರಿನ ವಿಷಯ ಎಷ್ಟು ಸಲ ಕೇಳಿದೆ. ನಾನು ಒಂದು ಸಲಾನೂ ಕೇಳ್ಲಿಲ್ಲ. ನಿಮ್ಮೂರಲ್ಲಿ ಎಷ್ಟಕ್ಕಮ್ಮಾ ನೀರು?”

“ಸಾವಿರದ ಮುನ್ನೂರು ಅಡಿ ಪೆದ್ದಮ್ಮ.”

ಆ ಕಡೆ ಮತ್ತೆ ಅದೇ ನಗು. “ಓದಿದ ಹುಡುಗಿ, ಲೆಕ್ಕ ಬರಲ್ಲ ನಿಂಗೆ. ಎರಡು ಸೊನ್ನೆ ಜಾಸ್ತಿ ಹೇಳ್ತಿದೀಯ. ಹದಿಮೂರು ಅನ್ನು.”

ನಾನು ಓದಿದವಳಲ್ಲ ಎಂದು ಹೇಳಬೇಕೆಂದುಕೊಂಡೆ. ಬೋರಿನ ವಿಷಯವನ್ನೂ ಹೇಳಬೇಕೆಂದುಕೊಂಡೆ. ಆದರೆ ಅವರು ಅಷ್ಟು ಖಚಿತವಾಗಿ ಹೇಳಿದ್ದರು.

“ಹೂಂ ಪೆದ್ದಮ್ಮ,” ಎಂದೆ. “ಹದಿಮೂರು.”

“ಅಷ್ಟಾದ್ರೂ ಆಳ ಆಯ್ತು ಪಾಪ,” ಎಂದರು ಅವರು. “ಸೇದಿ ಸೇದಿ ತೋಳು ನೋಯಲ್ವಾ?”